ಅಪ್‌ಡೇಟ್: ಲಾಮು ನೋಡಿ ಬಂದೆವು

ಕೆನ್ಯಾದ ಲಾಮು ದ್ವೀಪಕ್ಕೆ ಹೇಗೆ ಹೋಗುವುದು, ಎರಡು ದಿನ ಸಾಕೇ, ಅಮ್ಮನಿಗೆ ಸಸ್ಯಾಹಾರ ಸಿಗುತ್ತದೆಯೇ ಎಂದು ಕೇಳಿದ್ದೆ. ಉತ್ತರಿಸಿದವರೆಲ್ಲರಿಗೂ ವಂದನೆಗಳು.

ರಸ್ತೆ ಬೇಡ, ವಿಮಾನವೇ ಸರಿ ಎಂದಿದ್ದಿರಿ, ಹಾಗೆಯೇ ಮಾಡಿದೆವು. ವಿಮಾನ ಇಳಿಯುವುದು ಎದುರಿನ ಮಾಂಡಾ ದ್ವೀಪದಲ್ಲಿ, ಅಲ್ಲಿಂದ ದೋಣಿ. ಎರಡು ದಿನ ಖಂಡಿತ ಸಾಲದು. ನಾಲ್ಕು ದಿನ ಇದ್ದೂ ಮನಸ್ಸು ತುಂಬಲಿಲ್ಲ.

ಹಳೆಯ ಪಟ್ಟಣದ ಓಣಿಗಳಲ್ಲಿ ಕಾರಿಗೆ ಜಾಗವೇ ಇಲ್ಲ. ಸಾಮಾನು ಹೊರುವುದು ಕತ್ತೆಗಳು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮನೆಗಳು. ಹವಳದ ಕಲ್ಲಿನ ದಪ್ಪ ಗೋಡೆ, ಮೇಲೆ ಕಾಂಡ್ಲಾ (ಮ್ಯಾಂಗ್ರೋವ್) ಮರದ ತೊಲೆಗಳು. ತೊಲೆ ಎಷ್ಟು ಉದ್ದವೋ ಕೋಣೆ ಅಷ್ಟೇ ಅಗಲ. ಅದಕ್ಕೇ ಕೋಣೆಗಳೆಲ್ಲ ಕಿರಿದು, ನೀಳ. ಕೆತ್ತನೆಯ ಬಾಗಿಲುಗಳ ಮುಂದೆಯೇ ಒಂದು ಬೆಳಗು ಕಳೆಯಿತು. 2001ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಈ ಪಟ್ಟಣದಲ್ಲಿ ಇಂದಿಗೂ ಸಂಸಾರಗಳು ನಡೆಯುತ್ತಿವೆ. ದಯವಿಟ್ಟು ಮೈಮುಚ್ಚುವ ಬಟ್ಟೆ ಧರಿಸಿ, ಕೇಳದೆ ಯಾರ ಫೋಟೊವನ್ನೂ ತೆಗೆಯಬೇಡಿ.

ಊಟಕ್ಕೆ ತೆಂಗಿನಹಾಲಿನಲ್ಲಿ ಬೇಯಿಸಿದ ಕಾಳು, ಚಪಾತಿ. ಸ್ವಾಹಿಲಿಯಲ್ಲೂ ಅದರ ಹೆಸರು ಚಪಾತಿಯೇ! ಅಮ್ಮನಿಗೆ ಬಹಳ ಸಂತೋಷವಾಯಿತು.

ಶೇಲಾ ಹಳ್ಳಿಗೆ ದಡದಗುಂಟ ನಡೆದು ಹೋಗುವವರು ಸಮುದ್ರ ಇಳಿದಿರುವ ಹೊತ್ತು ನೋಡಿಕೊಂಡು ಹೊರಡಿ. ಉಬ್ಬರದಲ್ಲಿ ದಾರಿಗೆ ನೀರು ಬರುತ್ತದೆ.