ಬರೀ ಡಿಎಂಎಸ್‌ಒ ಹಾಕಿದ ವೆಲ್‌ನಲ್ಲೂ ಝೋನ್ ಬಂದಿದೆ, ಏನು ಮಾಡಲಿ?

ಒಣ_ಎಲೆ:
ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ತುಳಸಿ ಎಲೆಯ ಸಾರ ತೆಗೆದಿದ್ದೇನೆ. ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಮೆಥನಾಲ್‌ನಲ್ಲಿ ನೆನೆಸಿ ಸೋಸಿದೆ. ಮೆಥನಾಲ್ ಹಾರಿಸಿದ ಮೇಲೆ ಉಳಿದ ಕಡುಹಸಿರು ಅಂಟನ್ನು ಡಿಎಂಎಸ್‌ಒ ಅನ್ನೋ ದ್ರಾವಕದಲ್ಲಿ ಕರಗಿಸಿದೆ, 1 ಮಿ.ಲೀ.ಗೆ 100 ಮಿ.ಗ್ರಾಂ.

ಬ್ಯಾಕ್ಟೀರಿಯಾ ಬೆಳೆಸೋ ಮುಲ್ಲರ್ ಹಿಂಟನ್ ಅಗರ್‌ನಲ್ಲಿ 6 ಮಿ.ಮೀ. ವೆಲ್ (ಗುಂಡಿ) ಕೊರೆದು 100 ಮೈಕ್ರೋಲೀಟರ್ ಹಾಕಿದೆ. ಸ್ಟಫೈಲೋಕಾಕಸ್ ಪ್ಲೇಟ್‌ನಲ್ಲಿ 13 ಮಿ.ಮೀ. ಝೋನ್ (ಬ್ಯಾಕ್ಟೀರಿಯಾ ಬೆಳೆಯದ ವೃತ್ತ) ಬಂತು. ಖುಷಿಯಾಯ್ತು. ಪಕ್ಕದ ವೆಲ್ ನೋಡಿದರೆ ಬರೀ ಡಿಎಂಎಸ್‌ಒಗೂ 11! ಇ. ಕೋಲಿಯಲ್ಲಿ ಎರಡಕ್ಕೂ 11. ಒಂದರಿಂದ ಇನ್ನೊಂದು ಕಳೆದು ಬರೆದರೆ ನಡೆಯುತ್ತಾ?

ಡಿಪಿಪಿಎಚ್‌ನಲ್ಲಿ (ಆ್ಯಂಟಿಆಕ್ಸಿಡೆಂಟ್ ಶಕ್ತಿ ಅಳೆಯೋ ಪರೀಕ್ಷೆ, ನೇರಳೆ ಬಣ್ಣ ಹೋದಷ್ಟೂ ಶೇಕಡಾವಾರು ಹೆಚ್ಚು) ಬೇರೆ ತಲೆನೋವು. 250 ಮೈಕ್ರೋಗ್ರಾಂಗಿಂತ 500ಕ್ಕೆ ಶೇಕಡಾವಾರು ಕಡಿಮೆ ಬರುತ್ತಿದೆ. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ.

ಹಳೇ_ಪಿಪೆಟ್:
ಕಳೆಯಬೇಡಿ. ಝೋನ್ ಅನ್ನೋದು ಕೂಡಿ ಕಳೆಯೋ ಲೆಕ್ಕವಲ್ಲ. ಡಿಎಂಎಸ್‌ಒ ಕೊಂದಿದ್ದೆಷ್ಟು, ಎಲೆ ಕೊಂದಿದ್ದೆಷ್ಟು ಅಂತ ಆ ಪ್ಲೇಟ್‌ನಿಂದ ಹೇಳೋಕಾಗಲ್ಲ.

ಮೆಥನಾಲ್ ಆದರೆ ಹಾರಿ ಹೋಗುತ್ತದೆ. ಡಿಎಂಎಸ್‌ಒ ಕುದಿಯೋದೇ 189 ಡಿಗ್ರಿಗೆ, ಅದು ಎಲ್ಲಿಗೂ ಹೋಗಲ್ಲ. ಅದನ್ನು ಹಾಗೇ 100 ಮೈಕ್ರೋಲೀಟರ್ ಸುರಿದರೆ ಬ್ಯಾಕ್ಟೀರಿಯಾ ಪಾಡೇನು? ಇನ್ನೊಂದು ಮಾತು: ಅಗರ್ 4 ಮಿ.ಮೀ. ದಪ್ಪ ಇದ್ದರೆ ನಿಮ್ಮ ವೆಲ್ ಹಿಡಿಯೋದು 113 ಮೈಕ್ರೋಲೀಟರ್ ಅಷ್ಟೇ. 100 ಹಾಕಿದಾಗ ಅಂಚಿನಲ್ಲಿ ತುಳುಕುತ್ತಿರುತ್ತದೆ. ಪ್ಲೇಟ್ ಎತ್ತುವಾಗ ಕೈ ಸ್ವಲ್ಪ ಅಲುಗಿದರೂ ಹೊರಗೆ ಹರಿದು ಸುಳ್ಳು ಝೋನ್ ಮಾಡುತ್ತದೆ. ಡಿಎಂಎಸ್‌ಒ ಶೇ. 10ಕ್ಕೆ ಇಳಿಸಿ, 50 ಮೈಕ್ರೋಲೀಟರ್ ಸಾಕು. ನೀರು ಬೆರೆಸಿದಾಗ ಸಾರ ಕದಡಿ ತಳಕ್ಕೆ ಕೂತರೆ ಚೆನ್ನಾಗಿ ಅಲುಗಾಡಿಸಿ ತಕ್ಷಣ ಹಾಕಿ.

ಡಿಪಿಪಿಎಚ್ ಕಥೆ ನನಗೂ ಆಗಿದೆ, ಬೇವಿನ ಎಲೆಯಲ್ಲಿ. ನೇರಳೆ ಬಣ್ಣ ಪೂರ್ತಿ ಹೋಗಿ ಟ್ಯೂಬ್ ಪಾಚಿ ಬಣ್ಣಕ್ಕೆ ತಿರುಗಿತ್ತು. ಕಣ್ಣಿಗೆ ಕಾಣುತ್ತಿದೆ, ಬಣ್ಣ ಅಳೆಯೋ ಮಷೀನ್ ಮಾತ್ರ ಒಪ್ಪುತ್ತಿಲ್ಲ. ಎರಡು ವಾರ ಮಷೀನ್‌ಗೆ ಬೈದೆ. ಕೊನೆಗೆ ಗೈಡ್ ಕೇಳಿದ್ದು ಒಂದೇ ಪ್ರಶ್ನೆ, "ಸ್ಯಾಂಪಲ್ ಬ್ಲ್ಯಾಂಕ್ ಎಲ್ಲಿ?" ನಾನು ಇಟ್ಟಿರಲಿಲ್ಲ. ಡಿಪಿಪಿಎಚ್ ಅಳೆಯೋ 517 ನ್ಯಾನೋಮೀಟರ್‌ನಲ್ಲಿ ಎಲೆಯ ಬಣ್ಣವೇ ಒಂದಷ್ಟು ಬೆಳಕು ಹೀರುತ್ತದೆ, ಮಷೀನ್ ಅದನ್ನೂ ಉಳಿದ ನೇರಳೆ ಅಂತಲೇ ಲೆಕ್ಕ ಹಾಕುತ್ತದೆ. ಸಾರ ಜಾಸ್ತಿಯಾದಷ್ಟೂ ಆ ಪಾಲೂ ಜಾಸ್ತಿ. ಹಾಗಾಗಿ ಪ್ರತಿ ಸಾಂದ್ರತೆಗೂ ಅಷ್ಟೇ ಸಾರ, ಜೊತೆಗೆ ಡಿಪಿಪಿಎಚ್ ಬದಲು ಬರೀ ಮೆಥನಾಲ್ ಹಾಕಿದ ಇನ್ನೊಂದು ಟ್ಯೂಬ್ ಇಡಿ. ಆ ರೀಡಿಂಗ್ ಕಳೆಯಿರಿ. ಇಲ್ಲಿ ಕಳೆಯಬಹುದು!

ಗ್ರಾಂ_ನೆಗೆಟಿವ್:
ಇ. ಕೋಲಿಗೆ ಏನೂ ಆಗದಿದ್ದರೆ ಬೇಜಾರು ಬೇಡ. ಅದಕ್ಕೆ ಹೊರಗಡೆ ಇನ್ನೊಂದು ಪೊರೆ ಇದೆ, ಎಲೆಯ ಎಷ್ಟೋ ಅಂಶಗಳು ಅದನ್ನು ದಾಟಲ್ಲ. ಸ್ಟಫೈಲೋಕಾಕಸ್‌ಗೆ ಆ ಪೊರೆ ಇಲ್ಲ.

ಇನ್ನೊಂದು, "ಸಿಪ್ರೋಫ್ಲಾಕ್ಸಾಸಿನ್‌ಗೆ ಹತ್ತಿರದ ಪರಿಣಾಮ" ಅಂತ ಮಾತ್ರ ಬರೆಯಬೇಡಿ. ಹೋಲಿಕೆಗೆ ಇಡೋ ಆ ಆ್ಯಂಟಿಬಯಾಟಿಕ್ ಡಿಸ್ಕ್‌ನಲ್ಲಿ ಇರೋದು 5 ಮೈಕ್ರೋಗ್ರಾಂ. ನಿಮ್ಮ ವೆಲ್‌ಗೆ ಹೋಗಿದ್ದು 10 ಮಿ.ಗ್ರಾಂ, ಅಂದರೆ ಎರಡು ಸಾವಿರ ಪಟ್ಟು. ಎಲೆಯ ಸಾರದಲ್ಲಿ ನೂರೆಂಟು ವಸ್ತು ಇರುತ್ತವೆ ಅನ್ನೋದು ನಿಜ, ಆದರೂ ಹೋಲಿಕೆ ಸರಿಯಲ್ಲ. ಅಗರ್‌ನಲ್ಲಿ ಚೆನ್ನಾಗಿ ಹರಡದ ವಸ್ತು ಬಲವಾಗಿದ್ದರೂ ಝೋನ್ ಚಿಕ್ಕದೇ ಬರುತ್ತದೆ. ಎಂಐಸಿ (ಬೆಳವಣಿಗೆ ತಡೆಯೋ ಅತಿ ಕಡಿಮೆ ಸಾಂದ್ರತೆ) ಮಾಡಿ. 96 ವೆಲ್ ಪ್ಲೇಟ್, ಜೊತೆಗೆ ರೆಸಝುರಿನ್ ಅನ್ನೋ ಬಣ್ಣ. ನೀಲಿ ಉಳಿದರೆ ಬೆಳವಣಿಗೆ ಇಲ್ಲ, ಗುಲಾಬಿ ಆದರೆ ಬ್ಯಾಕ್ಟೀರಿಯಾ ಆರಾಮಾಗಿದೆ ಅಂತ. ಅಲ್ಲೂ ಎಲೆಯ ಹಸಿರು ಕಣ್ಣಿಗೆ ಮೋಸ ಮಾಡುತ್ತದೆ, ಬ್ಯಾಕ್ಟೀರಿಯಾ ಇಲ್ಲದ ಸಾಲು ಒಂದು ಇರಲಿ.

ಒಣ_ಎಲೆ:
ಮತ್ತೆ ಮಾಡಿದೆ. ಬ್ಲ್ಯಾಂಕ್ ಕಳೆದ ಮೇಲೆ 500ರ ಪಾಯಿಂಟ್ 250ಕ್ಕಿಂತ ಮೇಲೆ ಬಂತು, ಗ್ರಾಫ್ ಈಗ ಗ್ರಾಫ್ ಥರ ಇದೆ. ಶೇ. 10 ಡಿಎಂಎಸ್‌ಒಗೆ ಝೋನ್ ಇಲ್ಲ. ತುಳಸಿಗೆ ಸ್ಟಫೈಲೋಕಾಕಸ್‌ನಲ್ಲಿ 8 ಮಿ.ಮೀ., ಅದರಲ್ಲಿ ವೆಲ್ಲೇ 6. ಇ. ಕೋಲಿಯಲ್ಲಿ ಸೊನ್ನೆ. ಹಾಗೇ ಬರೆಯುತ್ತೇನೆ. ರೆಸಝುರಿನ್ ತರಿಸೋಕೆ ಹೇಳಿದ್ದೇನೆ.