ಜನರನ್ನು ಎಣಿಸುವ ಸೆನ್ಸರ್‌ಗಳನ್ನು ಚಾವಣಿಯಲ್ಲಿ ಎಲ್ಲೆಲ್ಲಿ ಕೂರಿಸಬೇಕು?

ಕೋರಿಕೆ: ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ನೆಲಮಹಡಿ ಸೇರಿ ಮೂರು ಮಹಡಿಗಳಿದ್ದು, ಯಾವ ಹೊತ್ತಿನಲ್ಲಿ ಎಲ್ಲಿ ಎಷ್ಟು ಜನರಿರುತ್ತಾರೆಂದು ತಿಳಿಯಲು ಚಾವಣಿಗೆ ಸೆನ್ಸರ್‌ಗಳನ್ನು ಹಾಕಿಸಲಿದ್ದೇವೆ. ಮುಖ್ಯ ದ್ವಾರ 12 ಅಡಿ ಅಗಲ, ಚಾವಣಿ 10 ಅಡಿ ಎತ್ತರವಿದೆ. ಮೇಲೆ ಹೋಗಲು ಎರಡು ಕಡೆ ಮೆಟ್ಟಿಲು, ಒಂದು ಲಿಫ್ಟ್ ಇವೆ. ನಕ್ಷೆಯಲ್ಲಿ ಜಾಗ ಗುರುತಿಸುವ ಮುನ್ನ ಅನುಭವವುಳ್ಳವರು ಸಲಹೆ ನೀಡಬೇಕೆಂದು ವಿನಂತಿ.

ಕೇಬಲ್, ಕ್ಯಾಮೆರಾ ಅಳವಡಿಸುವ ಕೆಲಸದವರೊಬ್ಬರು: ಮಾರುವವರು ಹೇಳುವ ವ್ಯಾಪ್ತಿ ನೆಲದ ಮಟ್ಟದ್ದೋ ತಲೆಯ ಮಟ್ಟದ್ದೋ ಎಂಬುದನ್ನು ಮೊದಲು ಕೇಳಿ ತಿಳಿದುಕೊಳ್ಳಿ. 90 ಡಿಗ್ರಿ ನೋಟದ ಸೆನ್ಸರ್ ನಿಮ್ಮ 10 ಅಡಿ ಚಾವಣಿಯಿಂದ ನೆಲದ ಮೇಲೆ 20 ಅಡಿ ಅಗಲವನ್ನು ಕಾಣುತ್ತದೆ. ಆದರೆ ಐದೂವರೆ ಅಡಿ ಎತ್ತರದ ವ್ಯಕ್ತಿಯ ತಲೆಯ ಮಟ್ಟದಲ್ಲಿ ಅದಕ್ಕೆ ಕಾಣುವುದು 9 ಅಡಿ ಮಾತ್ರ. ಎಣಿಸಬೇಕಾದದ್ದು ತಲೆಗಳನ್ನಾದ್ದರಿಂದ 12 ಅಡಿ ದ್ವಾರಕ್ಕೆ ಎರಡು ಸೆನ್ಸರ್ ಬೇಕಾಗುತ್ತವೆ, ಮತ್ತು ಎರಡರ ನೋಟ ಕೂಡುವ ಕಡೆ ನಡೆದವರನ್ನು ಎರಡು ಸಲ ಎಣಿಸದಂತೆ ಅವುಗಳನ್ನು ಒಂದಕ್ಕೊಂದು ಜೋಡಿಸುವ ಸೌಲಭ್ಯ ಆ ಮಾದರಿಯಲ್ಲಿ ಇರಬೇಕು. ಬಾಗಿಲ ರೆಕ್ಕೆ ಒಳಕ್ಕೆ ತೆರೆಯುವುದಾದರೆ ಅದು ತಿರುಗುವ ಜಾಗವನ್ನು ದಾಟಿ ಎಣಿಕೆಯ ಗೆರೆ (ದಾಟಿದವರನ್ನು ಸೆನ್ಸರ್ ಎಣಿಸುವ ಕಾಲ್ಪನಿಕ ಗೆರೆ) ಎಳೆಯಿರಿ. ನಕ್ಷೆಯಲ್ಲಿ ಯಾರೂ ತೋರಿಸದ ವಸ್ತುವೆಂದರೆ ಸೀಲಿಂಗ್ ಫ್ಯಾನ್: ಅದರ ರೆಕ್ಕೆಗಳು ಸೆನ್ಸರ್‌ಗಿಂತ ಕೆಳಗೆ ತಿರುಗುತ್ತಿದ್ದರೆ ನೋಟವೇ ಕಡಿದುಹೋಗುತ್ತದೆ.

ಮಲೆನಾಡಿನ ಗ್ರಂಥಪಾಲಕರೊಬ್ಬರು: ಮೇಲಿನವರ ಲೆಕ್ಕ ಸರಿಯೇ, ಆದರೆ ಬಾಗಿಲಿಗೆ ಅಷ್ಟು ಹತ್ತಿರ ಹಾಕುವುದನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಹೊರಡುವವರು ಹೊಸ್ತಿಲಲ್ಲೇ ಛತ್ರಿ ಬಿಚ್ಚುವುದರಿಂದ ತಲೆಗಳೇ ಮರೆಯಾಗುತ್ತವೆ. ಅಲ್ಲದೆ ಬ್ಯಾಗ್ ಇಡುವ ಕಪಾಟಿನ ಮುಂದೆಯೂ ಹಾಜರಿ ಪುಸ್ತಕದ ಮೇಜಿನ ಬಳಿಯೂ ನಿಂತವರು ಅತ್ತಿಂದಿತ್ತ ಓಲಾಡುತ್ತ ಗೆರೆಯನ್ನು ತುಳಿಯುತ್ತಲೇ ಇರುತ್ತಾರೆ. ಇವೆಲ್ಲ ಮುಗಿದು ಜನರು ನಿಲ್ಲದೆ ನಡೆಯುವ ಹಜಾರವಿದ್ದರೆ, ಅದೂ ಕಿರಿದಾಗಿದ್ದರೆ, ಒಂದೇ ಸೆನ್ಸರ್ ಸಾಕಾಗಬಹುದು. ಒಂದು ಬೆಳಿಗ್ಗೆ ಸುಮ್ಮನೆ ಕುರ್ಚಿ ಹಾಕಿಕೊಂಡು ಕುಳಿತು ನೋಡಿ.

ಎಣಿಕೆಯ ದತ್ತಾಂಶ ನೋಡಿಕೊಳ್ಳುವವರೊಬ್ಬರು: ಮಹಡಿವಾರು ಲೆಕ್ಕ ಬೇಕೆಂದಿದ್ದೀರಿ. ಮೆಟ್ಟಿಲು, ಲಿಫ್ಟ್ ಎರಡೂ ಒಂದೇ ಲಾಬಿಗೆ ತೆರೆದುಕೊಳ್ಳುವ ಕಡೆ, ಲಿಫ್ಟ್ ಮುಂದೆ ಕಾಯುವವರ ಮೇಲೆ ಸೆನ್ಸರ್ ಹಾಕದೆ, ಲಾಬಿಯಿಂದ ಓದುವ ಹಾಲಿಗೆ ಹೋಗುವ ದಾರಿಯ ಮೇಲೆ ಹಾಕಿ. ಮೆಟ್ಟಿಲುಗಳ ಮೇಲೆ ಬೇಡ. ಪ್ರತಿ ಹೆಜ್ಜೆಗೂ ತಲೆಯ ಮಟ್ಟ ಬದಲಾಗುತ್ತದೆ. ಮೇಲಿನ ಎರಡು ಮಹಡಿಗಳಿಗೆ ಹೀಗೆ ಮಾಡಿದರೆ ನೆಲಮಹಡಿಯ ಸಂಖ್ಯೆಯನ್ನು ಒಟ್ಟು ಸಂಖ್ಯೆಯಿಂದ ಕಳೆದು ಪಡೆಯಬಹುದು, ಆದರೆ ಉಳಿದೆಡೆಯ ತಪ್ಪುಗಳೆಲ್ಲ ಆ ಸಂಖ್ಯೆಗೇ ಬಂದು ಸೇರುತ್ತವೆ ಎಂಬುದು ನೆನಪಿರಲಿ. ಒಳಗೆ ಬಂದವರಲ್ಲಿ ಕೆಲವರು ಹಿಂಬಾಗಿಲಿನಿಂದ ಹೊರಟರೂ ಲೆಕ್ಕ ಸಂಜೆಯ ಹೊತ್ತಿಗೆ ಉಬ್ಬುತ್ತದೆ. ಆದ್ದರಿಂದ ಸಿಬ್ಬಂದಿಯ ದಾರಿಯನ್ನೂ ಬಿಡಬೇಡಿ, ರಾತ್ರಿ ಬೀಗ ಹಾಕಿದ ಮೇಲೆ ಎಣಿಕೆಯನ್ನು ಸೊನ್ನೆಗೆ ತನ್ನಿ. ಪರೀಕ್ಷಿಸುವಾಗ ಒಳಬಂದವರನ್ನೂ ಹೊರಹೋದವರನ್ನೂ ಕೈಯಲ್ಲಿ ಬೇರೆ ಬೇರೆ ಎಣಿಸಿ. ಎರಡೂ ಕಡೆ ಒಂದೇ ಪ್ರಮಾಣದ ತಪ್ಪಿದ್ದರೆ ವ್ಯತ್ಯಾಸದಲ್ಲಿ ಅದು ಕಾಣುವುದೇ ಇಲ್ಲ.

ಮೊದಲು ಉತ್ತರಿಸಿದವರು: ಹಜಾರದ ಸಲಹೆ ಒಳ್ಳೆಯದು, ಒಪ್ಪುತ್ತೇನೆ. ವಿದ್ಯುತ್ತೂ ದತ್ತಾಂಶವೂ ಒಂದೇ ನೆಟ್‌ವರ್ಕ್ ಕೇಬಲ್‌ನಲ್ಲಿ ಹೋಗುವ ಮಾದರಿಯಾದರೆ ನೆಟ್‌ವರ್ಕ್ ಸ್ವಿಚ್‌ನಿಂದ (ಈ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ) ಸೆನ್ಸರ್‌ವರೆಗಿನ ಉದ್ದ 100 ಮೀಟರ್ ಮೀರಬಾರದು. ಪ್ರತಿ ಸೆನ್ಸರ್ ಬಳಿ ಒಂದೆರಡು ಮೀಟರ್ ಹೆಚ್ಚುವರಿ ಕೇಬಲನ್ನು ಫಾಲ್ಸ್ ಸೀಲಿಂಗ್ ಮೇಲೆ ಸುರುಳಿ ಸುತ್ತಿ ಬಿಡಿಸಿ. ಪರೀಕ್ಷೆಯ ನಂತರ ಸೆನ್ಸರನ್ನು ಒಂದೆರಡು ಅಡಿ ಸರಿಸುವ ಪ್ರಸಂಗ ಬಂದೇ ಬರುತ್ತದೆ.