ಮಹದೇವಪೇಟೆಯಲ್ಲಿ ಟ್ರಾಮ್

"ಟ್ರಾಲಿ ಮಾಡ್ತಿದ್ದೀನಿ" ಅಂತ ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. ಭಾವ ಆ ಮಳೆಯಲ್ಲೇ ಜೀಪು ಹತ್ತಿ ಬಂದರು. ಇಳಿದವರು ನೇರ ಕೊಟ್ಟಿಗೆ ಕಡೆ ಹೋಗಿ ಇಣುಕಿದರು.

"ಎಲ್ಲಿದೆ? ಕಾಫಿ ಚೀಲ ಎಷ್ಟು ಹಿಡಿಸುತ್ತೆ?"

"ಮಹಡಿ ಮೇಲಿದೆ ಭಾವ. ಒಂದು ಹಿಡಿ ಬೀಜ ಹಿಡಿಸಬಹುದು."

ಕೊಡಗಿನಲ್ಲಿ ಟ್ರಾಲಿ ಅಂದರೆ ಟ್ರ್ಯಾಕ್ಟರ್ ಹಿಂದಿನ ಗಾಡಿ. ಮಡಿಕೇರಿ ದಸರಾ ಮೆರವಣಿಗೆಯಲ್ಲಿ ಹತ್ತು ದೇವಸ್ಥಾನಗಳ ದಶಮಂಟಪ ಹೊರುವುದೂ ಅದೇ. ನಾನು ಹೇಳಿದ್ದು ರಸ್ತೆಯಲ್ಲಿ ಹಳಿ ಮೇಲೆ ಓಡುವ ಟ್ರಾಮ್ ಗಾಡಿಯ ಸಣ್ಣ ಮಾದರಿ. ನಿಜವಾದ ಟ್ರಾಮಿನ ಚಾವಣಿ ಮೇಲಿನ ಕೋಲಿನ ತುದಿಯಲ್ಲಿ ಒಂದು ಪುಟ್ಟ ಗಾಲಿ ತಂತಿಗೆ ತಾಗಿಕೊಂಡು ಓಡುತ್ತಿತ್ತು. ಆ ಗಾಲಿಯ ಹೆಸರೇ ಅಮೆರಿಕದಲ್ಲಿ ಇಡೀ ಗಾಡಿಗೆ ಅಂಟಿಕೊಂಡಿತು.

ಮಹಡಿಯಲ್ಲಿ ಮೇಷ್ಟ್ರು, ಹಲ್ಲಿನ ಡಾಕ್ಟ್ರು ಆಗಲೇ ಬೆಲ್ಲದ ಕಾಫಿ ಹಿಡಿದು ಕೂತಿದ್ದರು. ಹಲಗೆ ಮೇಲೆ ನಮ್ಮ ಮಡಿಕೇರಿಯ ಮಹದೇವಪೇಟೆ ರಸ್ತೆ. ಅಂಗಡಿಗಳು ರಟ್ಟಿನವು. ನಿಜದ 87ನೇ ಒಂದು ಪಾಲು ಅಳತೆ. 1435 ಮಿಲಿಮೀಟರ್ ಅಗಲದ ಹಳಿ ಇಲ್ಲಿ 16.5 ಮಿಲಿಮೀಟರ್.

"ರೈಲೇ ಇಲ್ಲದ ಜಿಲ್ಲೆಯಲ್ಲಿ ಟ್ರಾಮ್ ಬಿಡ್ತಾನಂತೆ" ಅಂದರು ಮೇಷ್ಟ್ರು. "ಕುಶಾಲನಗರಕ್ಕೆ ರೈಲು ಬರುತ್ತೆ, ಬರುತ್ತೆ ಅಂತ ಕೇಳ್ತಾನೇ ಇದ್ದೆ. ಪೆನ್ಷನ್ ಬಂತು."

ಹಿಸ್ಟರಿ ಮೇಷ್ಟ್ರು ಬಾಯಿ ತೆರೆದರೆ ಇಸವಿ ಉದುರುತ್ತದೆ. ಕಲ್ಕತ್ತೆಯಲ್ಲಿ 1873ರಲ್ಲಿ ಕುದುರೆ ಎಳೆದ ಟ್ರಾಮ್, 1902ರಲ್ಲಿ ಕರೆಂಟಿನದು. ಮದರಾಸಿನಲ್ಲಿ 1895ಕ್ಕೇ ಕರೆಂಟ್ ಟ್ರಾಮ್ ಇತ್ತು, 1953ರಲ್ಲಿ ನಿಂತಿತು. ಬೊಂಬಾಯಿಯದು 1964ರಲ್ಲಿ.

"ಎಲ್ಲಾ ಕಡೆ ನಿಂತ ಮೇಲೆ ನಮ್ಮಲ್ಲಿ ಶುರು ಅನ್ನಿ" ಅಂದರು ಭಾವ. ಆಮೇಲೆ ಕನ್ನಡಕ ಏರಿಸಿ ಬಗ್ಗಿದರು. ಅವರು ರಸ್ತೆ ಕಂಟ್ರಾಕ್ಟರ್. "ಜಲ್ಲಿ ಎಲ್ಲಿ?"

"ಜಲ್ಲಿ ಕಾಣಲ್ಲ ಭಾವ. ಹಳಿ ರಸ್ತೆಯೊಳಗೆ ಹೂತಿರಬೇಕು. ಮೇಲೆ ಎರಡು ಗೆರೆ ಮಾತ್ರ ಹೊಳೀಬೇಕು. ಜನ, ದನ, ಜೀಪು ಎಲ್ಲಾ ಅದರ ಮೇಲೇ ಓಡಾಡ್ತಾರೆ."

"ಸರಿ ಬಿಡು, ರಸ್ತೆ ಹಾಕೋದು ನನಗೆ ಹೊಸದಾ? ಮಧ್ಯ ಸ್ವಲ್ಪ ಉಬ್ಬಿಸು. ನೀರು ಎರಡೂ ಕಡೆ ಹರೀಲಿ."

"ಉಬ್ಬಿಸಿದ್ರೆ ಗಾಡಿಯ ಹೊಟ್ಟೆ ತಾಗುತ್ತೆ. ಹಳಿಗಿಂತ ರಸ್ತೆ ಕೂದಲೆಳೆಯಷ್ಟು ತಗ್ಗಿರಬೇಕು. ಇಲ್ಲಾಂದ್ರೆ ಚಕ್ರ ರಸ್ತೆ ಮೇಲೆ ಹತ್ತುತ್ತೆ, ಹಳಿ ಬಿಡುತ್ತೆ, ಹಳಿಯಿಂದ ಬರೋ ಕರೆಂಟ್ ಹೋಗುತ್ತೆ."

ಭಾವನಿಗೆ ಇದು ಅವಮಾನ. ರಸ್ತೆ ತಗ್ಗಿರಬೇಕು ಅಂತ ಅವರಿಗೆ ಇಷ್ಟು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ತಗ್ಗಿದೆ ಅಂತ ಬೈದವರೇ ಎಲ್ಲಾ.

ನಿಜವಾದ ಕಷ್ಟ ಅದಲ್ಲ, ಹಳಿಯ ಒಳಮಗ್ಗುಲಿನ ಸಂದು. ರೈಲಿನ ಚಕ್ರಕ್ಕೆ ಒಳಗಡೆ ಒಂದು ಅಂಚು ಇರುತ್ತದೆ. ಅದು ಜಾರಿಕೊಂಡು ಹೋಗಲು ಜಾಗ ಬೇಕು. ಅಗಲ ಒಂದು ಮಿಲಿಮೀಟರಿಗಿಂತ ಚೂರು ಜಾಸ್ತಿ, ಆಳವೂ ಒಂದು ಮಿಲಿಮೀಟರ್ ಆದರೂ ಇರಲಿ. ಅಗಲ ಜಾಸ್ತಿಯಾದರೆ ಬೀದಿ ಪಕ್ಕ ಚರಂಡಿ ತೋಡಿದ ಹಾಗೆ ಕಾಣುತ್ತದೆ. ಕಮ್ಮಿಯಾದರೆ ಗಾಡಿ ಹಳಿಯಿಂದ ಇಳಿದು ರಟ್ಟಿನ ಬೇಕರಿಗೆ ನುಗ್ಗುತ್ತದೆ. ನಿಜವಾದ ಟ್ರಾಮ್ ಹಳಿಯಲ್ಲಿ ಈ ಸಂದು ಉಕ್ಕಿನಲ್ಲೇ ಮೂಡಿ ಬರುತ್ತದೆ. ನಮ್ಮಂಥವರು ಹಳಿ ಪಕ್ಕ ಪ್ಲಾಸ್ಟಿಕ್ ಪಟ್ಟಿ ನಿಲ್ಲಿಸಿ, ಉಳಿದ ಜಾಗಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು, ಅರ್ಧ ಗಟ್ಟಿಯಾದಾಗ ಪಟ್ಟಿ ಕಿತ್ತು ಕೆರೆಯಬೇಕು.

ಕೆರೆಯೋದು ಅಂದ ಕೂಡಲೇ ಡಾಕ್ಟ್ರು ಎದ್ದು ಕೂತರು. ಜೇಬಿನಿಂದ ಕೊಕ್ಕೆಯಂಥ ಒಂದು ಕಡ್ಡಿ ಹೊರಬಂತು. ಭಾನುವಾರ ಅದನ್ನು ಜೇಬಲ್ಲಿ ಯಾಕೆ ಇಟ್ಟುಕೊಂಡಿದ್ದರೋ ನಾವು ಕೇಳಲಿಲ್ಲ.

"ಬಾಯಿ ದೊಡ್ಡದಾಗಿ ತೆಗೀರಿ" ಅಂತ ಮಹದೇವಪೇಟೆಗೆ ಹೇಳಿ, ಅರ್ಧ ಗಂಟೆಯಲ್ಲಿ ಒಂದಡಿ ಸಂದು ಎಷ್ಟು ಚೆಂದ ಬಿಡಿಸಿದರು ಅಂದರೆ, ಮೇಷ್ಟ್ರು ತಮ್ಮ ದವಡೆ ಮುಟ್ಟಿ ನೋಡಿಕೊಂಡರು.

"ಇನ್ನೂ ಒದ್ದೆ ಇದೆಯಲ್ಲ?" ಅಂದೆ.

"ಪ್ಲಾಸ್ಟರ್ ಗಟ್ಟಿಯಾಗೋದು ಒಣಗಿ ಅಲ್ಲ, ನೀರು ಕುಡಿದು. ಜಿಪ್ಸಮ್ ಹುರಿದಾಗ ಕಳಕೊಂಡ ನೀರನ್ನ ವಾಪಸ್ ತಗೊಳ್ಳುತ್ತೆ. ಅರ್ಧ ಗಂಟೆ ಸಾಕು. ಪೂರ್ತಿ ಒಣಗೋಕೆ ಮಾತ್ರ ಬಿಸಿಲು ಬೇಕು."

ಆಟಿ ತಿಂಗಳ ಮಡಿಕೇರಿಯಲ್ಲಿ ಬಿಸಿಲು! ನಮ್ಮ ಮನೆಯಲ್ಲಿ ಬನಿಯನ್ನೇ ನಾಲ್ಕು ದಿನ ಅಗ್ಗಿಷ್ಟಿಕೆ ಸುತ್ತ ಕೂರಿಸಬೇಕು. ನಾನು ಅದೇ ಬುದ್ಧಿ ಉಪಯೋಗಿಸಿ ಹಿಂದಿನ ವಾರ ಒಂದು ತುಂಡು ರಸ್ತೆಯನ್ನ ಕೆಂಡದ ಪಕ್ಕ ಇಟ್ಟಿದ್ದೆ. ಬಿರುಕು ಬಿಟ್ಟಿತು. ಇಷ್ಟು ಒದ್ದಾಟವೇ ಬೇಡ, ಕ್ರಾಫ್ಟ್ ಫೋಮ್ ಶೀಟ್ ಕತ್ತರಿಸಿ ಹಳಿ ನಡುವೆ ಕೂರಿಸಿದರೆ ಆಯಿತು, ಬೇಕಾದಾಗ ಎಬ್ಬಿಸಲೂಬಹುದು. ಅಷ್ಟು ಬುದ್ಧಿ ಇದ್ದಿದ್ದರೆ ಕಾಳುಮೆಣಸು ನೋಡಿಕೊಂಡು ಇರುತ್ತಿದ್ದೆ, ಬಿಡಿ.

ತಿರುವು ನೋಡಿ ಮಾತ್ರ ಭಾವ ಮೆಚ್ಚಿದರು. ಈ ಅಳತೆಯ ರೈಲಿಗೆ ತಿರುವಿನ ತ್ರಿಜ್ಯ ಒಂದೂವರೆ ಅಡಿ ಆದರೂ ಬೇಕು. ಟ್ರಾಮಿಗೆ ಒಂದು ಗೇಣು ಸಾಕು.

"ಸಂಪಾಜೆ ಘಾಟಿಗೆ ಇದೇ ಸರಿ" ಅಂದರು.

ಸಂಜೆಗೆ ರಸ್ತೆ ಬೂದು ಬಣ್ಣ ಕಂಡಿತು. ಹಳಿಯ ನೆತ್ತಿ ಉಜ್ಜಿ ಹೊಳೆಸಿದೆವು. ಕೆಳಗಿನಿಂದ ಹೆಂಡತಿಯನ್ನೂ ಕರೆದೆ. 12 ವೋಲ್ಟ್ ಹಾಕಿದೆ. ಟ್ರಾಮ್ ಗುರ್ ಅಂತ ಹೊರಟಿತು. ಮೇಷ್ಟ್ರು ಚಪ್ಪಾಳೆ ತಟ್ಟಿದರು. ಅರ್ಧ ಪೇಟೆ ದಾಟಿ, ಜವಳಿ ಅಂಗಡಿ ಮುಂದೆ ನಿಂತಿತು. ಮುಂದಕ್ಕೆ ತಳ್ಳಿದರೂ ಅಲುಗಲಿಲ್ಲ.

"ಕರೆಂಟ್ ಹೋಯ್ತಾ?" ಮಳೆಗಾಲದಲ್ಲಿ ಎಲ್ಲರ ಬಾಯಿಗೂ ಬರುವ ಮೊದಲ ಮಾತು. ಬಲ್ಬು ಉರಿಯುತ್ತಿತ್ತು.

ನನಗೆ ಬೆವರಿತು. ಹಳಿಯ ಒಂದೊಂದು ತುಂಡಿಗೂ ಅಡಿಯಿಂದ ವಯರು ಬೆಸುಗೆ ಹಾಕಿ, ಓಡಿಸಿ ನೋಡಿ, ಆಮೇಲೆ ರಸ್ತೆ ಹಾಕಬೇಕು. ಕೊನೆಯ ತುಂಡಿಗೆ ಹಾಕಿರಲಿಲ್ಲ. ಜೋಡಣೆಯ ತಗಡಿನಿಂದ ಕರೆಂಟ್ ದಾಟುತ್ತದೆ ಅಂತ ನಂಬಿದ್ದೆ. ಅದರೊಳಗೆ ಪ್ಲಾಸ್ಟರ್ ನುಗ್ಗಿತ್ತು.

"ಅಂದ್ರೆ," ಭಾವ ನಿಧಾನವಾಗಿ ಕೇಳಿದರು, "ರಸ್ತೆ ಹಾಕಿ ಆದ ಮೇಲೆ ಲೈನ್ ಎಳೆಯೋದು ನೆನಪಾಯ್ತು ಅಂತಾನಾ?"

"ಹೂಂ."

"ಈಗ ಅಗೀಬೇಕು?"

"ಹೂಂ ಭಾವ."

ಅವರ ಮುಖ ಅರಳಿತು. ಬೆಳಗಿನಿಂದ ಆ ಮನೆಯಲ್ಲಿ ಅವರಿಗೆ ಗೊತ್ತಿರುವ ಕೆಲಸ ಈಗ ಬಂದಿತ್ತು. ಡಾಕ್ಟ್ರ ಕಡ್ಡಿ ಕಿತ್ತುಕೊಂಡು, ತೋಳು ಮಡಿಸಿ, ಜವಳಿ ಅಂಗಡಿ ಮುಂದೆ ಅಚ್ಚುಕಟ್ಟಾಗಿ ಚೌಕ ಅಗೆದರು. ನಾನು ವಯರು ಬೆಸೆದೆ. ಅವರೇ ಮುಚ್ಚಿದರು. ತೇಪೆ ಅಕ್ಕಪಕ್ಕಕ್ಕಿಂತ ಕಪ್ಪಾಗಿ, ಒಂದು ಮೂಲೆ ಸ್ವಲ್ಪ ಕುಸಿದಂತೆ ಕಂಡಿತು.

"ಸರಿಮಾಡಲಾ?" ಅಂದೆ.

"ಮುಟ್ಟಬೇಡ. ಈಗಲೇ ಅದು ಮಡಿಕೇರಿ ಥರ ಕಾಣ್ತಿರೋದು."

ಟ್ರಾಮ್ ತೇಪೆ ದಾಟಿ ಪೇಟೆಯ ತುದಿ ಮುಟ್ಟಿತು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

"ಅಣ್ಣಾ, ನಮ್ಮ ಗೇಟಿನ ಮುಂದಿನ ಗುಂಡಿ ಮೂರು ವರ್ಷದಿಂದ ಹಾಗೇ ಇದೆ. ಅದೂ ಇದೇ ಅಳತೆಗೆ ಬರೋವರೆಗೆ ಕಾಯ್ತಿದ್ದೀಯಾ?"

ಭಾವ ಜೀಪಿನ ಕೀ ಹುಡುಕತೊಡಗಿದರು.